ನ್ಯೂಯಾರ್ಕಿನ ಮೆಟ್ ಮ್ಯೂಸಿಯಂ: ಊರಿಂದ ಬಂದವರು ಪದೇ ಪದೇ ಕೇಳುವ ಪ್ರಶ್ನೆಗಳು

ಬೇಸಿಗೆ ಬಂತೆಂದರೆ ನ್ಯೂಜೆರ್ಸಿಯ ಕನ್ನಡದವರ ಮನೆಗಳಲ್ಲಿ ಊರಿಂದ ಅಪ್ಪ ಅಮ್ಮ, ಅತ್ತೆ ಮಾವ ಬಂದಿರುತ್ತಾರೆ. ಲಿಬರ್ಟಿ ಪ್ರತಿಮೆ ಆಯಿತು, ನಯಾಗರ ಆಯಿತು, ಬ್ರಿಡ್ಜ್‌ವಾಟರ್ ದೇವಸ್ಥಾನಕ್ಕೆ ನಾಲ್ಕು ಸಲ ಹೋಗಿದ್ದಾಯಿತು. ಇನ್ನೇನು ತೋರಿಸೋದು ಅಂತ ತಲೆ ಕೆರೆದುಕೊಳ್ಳುವಾಗ ಯಾರೋ ಮೆಟ್ ಹೆಸರು ಹೇಳುತ್ತಾರೆ. ನಾನು ಅಲ್ಲಿಗೆ ಎಲ್ಲರಿಗಿಂತ ಜಾಸ್ತಿ ಸಲ ಹೋಗಿದ್ದೇನೆ ಎಂಬ ಒಂದೇ ಕಾರಣಕ್ಕೆ ನನಗೆ ಫೋನ್ ಬರುತ್ತದೆ. ಪ್ರಶ್ನೆಗಳು ಹೆಚ್ಚೂಕಮ್ಮಿ ಅವೇ. ಅದಕ್ಕೇ ಎಲ್ಲವನ್ನೂ ಒಂದು ಕಡೆ ಬರೆದಿಟ್ಟಿದ್ದೇನೆ.

ಮೆಟ್ ಅಂದರೆ ಯಾವುದು? ಎಲ್ಲಿದೆ?

ಪೂರ್ತಿ ಹೆಸರು ಮೆಟ್ರೊಪಾಲಿಟನ್ ಮ್ಯೂಸಿಯಂ ಆಫ್ ಆರ್ಟ್. ಮ್ಯಾನ್‌ಹಟನ್‌ನ ಫಿಫ್ತ್ ಅವೆನ್ಯೂನಲ್ಲಿ, 82ನೇ ಬೀದಿಯ ಎದುರಿಗೆ, ಸೆಂಟ್ರಲ್ ಪಾರ್ಕಿಗೆ ಬೆನ್ನು ಹಾಕಿ ಕೂತಿದೆ. ಟ್ಯಾಕ್ಸಿಯವರಿಗೆ ಸುಮ್ನೆ "ಮೆಟ್" ಅನ್ನಬೇಡಿ. ಆ ಹೆಸರಿನಲ್ಲಿ ಒಂದು ಒಪೆರಾ ಹೌಸ್ ಕೂಡ ಇದೆ, ಪಾರ್ಕಿನ ಇನ್ನೊಂದು ಮಗ್ಗುಲಿಗೆ. "ಮೆಟ್ ಮ್ಯೂಸಿಯಂ, ಫಿಫ್ತ್ ಅವೆನ್ಯೂ" ಅನ್ನಿ.

ಸಂಸ್ಥೆ ಶುರುವಾದದ್ದು 1870ರಲ್ಲಿ. ಈ ಜಾಗಕ್ಕೆ ಬಂದದ್ದು 1880ರಲ್ಲಿ. ಈಗ ಬೀದಿಯಿಂದ ಕಾಣುವ ದೊಡ್ಡ ಕಂಬಗಳ ಮುಂಭಾಗ 1902ರದು. ಒಳಗೆ ಹೋಗುವ ಮುಂಚೆ ತಲೆ ಎತ್ತಿ ಆ ಕಂಬಗಳ ನೆತ್ತಿ ನೋಡಿ. ಒಂದರ ಮೇಲೊಂದು ಪೇರಿಸಿಟ್ಟ ಕಲ್ಲಿನ ದಿಮ್ಮಿಗಳಿವೆ. ಅವನ್ನು ಕೆತ್ತಿ ಶಿಲ್ಪ ಮಾಡಬೇಕೆಂದಿತ್ತು, ದುಡ್ಡು ಸಾಲಲಿಲ್ಲ, ಹಾಗೇ ಉಳಿದವು. ಲೋಕದ ದೊಡ್ಡ ದೊಡ್ಡ ಶಿಲ್ಪಗಳನ್ನೆಲ್ಲ ಒಳಗೆ ಇಟ್ಟುಕೊಂಡವರ ಬಾಗಿಲ ಮೇಲೆ ಕೆತ್ತದ ಕಲ್ಲು. ನಮ್ಮ ಮಾವನವರಿಗೆ ಇಡೀ ಮ್ಯೂಸಿಯಂನಲ್ಲಿ ಜಾಸ್ತಿ ಹಿಡಿಸಿದ್ದು ಇದೇ.

ಡೈನೋಸಾರ್ ಇರೋದು ಇಲ್ಲೇ ಅಲ್ವಾ?

ಅಲ್ಲ. ಅದು ಪಾರ್ಕಿನ ಆಚೆ ಕಡೆ ಇರುವ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಂ. ಮಕ್ಕಳಿಗೆ ಮೊದಲೇ ಹೇಳಿಬಿಡಿ, ಇಲ್ಲದಿದ್ದರೆ ದಿನವೆಲ್ಲ ಅಳು.

ಮೊನಾಲಿಸಾ ಯಾವ ಮಹಡಿಯಲ್ಲಿದೆ?

ಮೊನಾಲಿಸಾ ಇರುವುದು ಪ್ಯಾರಿಸ್‌ನಲ್ಲಿ. ಲಿಯೊನಾರ್ಡೊನ ರೇಖಾಚಿತ್ರಗಳು ಮೆಟ್‌ನಲ್ಲಿವೆ, ಬಣ್ಣದ ಚಿತ್ರ ಒಂದೂ ಇಲ್ಲ. ಅವನದೊಂದು ಬಣ್ಣದ ಚಿತ್ರ ನೋಡಲೇಬೇಕೆಂದರೆ ವಾಷಿಂಗ್ಟನ್ನಿನ ನ್ಯಾಷನಲ್ ಗ್ಯಾಲರಿಗೆ ಹೋಗಬೇಕು. ಇನ್ನು ವ್ಯಾನ್ ಗೋನ "ಸ್ಟಾರಿ ನೈಟ್" ನ್ಯೂಯಾರ್ಕಿನಲ್ಲೇ ಇದೆ, ಆದರೆ 53ನೇ ಬೀದಿಯ ಮೋಮಾದಲ್ಲಿ (ಮ್ಯೂಸಿಯಂ ಆಫ್ ಮಾಡರ್ನ್ ಆರ್ಟ್). ಬೇಸರ ಬೇಡ. ಅದೇ 1889ರಲ್ಲಿ ಅವನು ಬರೆದ ಗೋಧಿ ಹೊಲದ ಚಿತ್ರ ಮೆಟ್‌ನಲ್ಲಿದೆ. ಸೈಪ್ರೆಸ್ ಮರ ಬೆಂಕಿಯ ನಾಲಿಗೆ ಹಾಗೆ ಮೇಲೆದ್ದಿದೆ. ಬಣ್ಣ ಎಷ್ಟು ದಪ್ಪ ಅಂದರೆ ಪಕ್ಕಕ್ಕೆ ಸರಿದು ನೋಡಿದರೆ ಗೋಡೆಗೆ ಮೆತ್ತಿದ ಗಾರೆಯ ಹಾಗೆ ಕಾಣುತ್ತದೆ.

ಟಿಕೆಟ್ ಎಷ್ಟು? ಬೇಕಾದಷ್ಟು ಕೊಟ್ಟರೆ ಸಾಕು ಅಂತ ಕೇಳಿದ್ದೆವಲ್ಲ?

ಹಾಗಿತ್ತು, 2018ರ ಮಾರ್ಚ್ ತನಕ. ಈಗ ದೊಡ್ಡವರಿಗೆ 30 ಡಾಲರ್, 65 ದಾಟಿದವರಿಗೆ 22, ವಿದ್ಯಾರ್ಥಿಗಳಿಗೆ 17. ದೊಡ್ಡವರ ಜೊತೆ ಬಂದ 12 ವರ್ಷದೊಳಗಿನ ಮಕ್ಕಳಿಗೆ ದುಡ್ಡಿಲ್ಲ. ತೋಚಿದಷ್ಟು ಕೊಡುವ ಅನುಕೂಲ ಈಗ ನ್ಯೂಯಾರ್ಕ್ ರಾಜ್ಯದಲ್ಲಿ ವಾಸ ಇರುವವರಿಗೆ ಇದೆ. ಜೊತೆಗೆ ನ್ಯೂಯಾರ್ಕ್, ನ್ಯೂಜೆರ್ಸಿ, ಕನೆಕ್ಟಿಕಟ್‌ನಲ್ಲಿ ಓದುವ ವಿದ್ಯಾರ್ಥಿಗಳಿಗೆ ಇದೆ. ಗುರುತಿನ ಚೀಟಿ ಬೇಕು. ಹಡ್ಸನ್ ನದಿಯ ಈ ದಡದಲ್ಲಿ ಕೆಲಸ ಮಾಡಿಕೊಂಡಿರುವ ನಮ್ಮಂಥವರಿಗೆ ಆ ಭಾಗ್ಯ ಇಲ್ಲ. ಓದುವ ಮಕ್ಕಳಿದ್ದರೆ ಅವರ ಐಡಿ ಕಾರ್ಡ್ ಮರೆಯದೆ ತನ್ನಿ.

ಅಪ್ಪ ಅಮ್ಮನ ವಯಸ್ಸಿಗೆ ಪಾಸ್‌ಪೋರ್ಟ್‌ನ ಫೋಟೊ ಫೋನಿನಲ್ಲಿ ಇಟ್ಟುಕೊಂಡಿರಿ. ಒಂದು ಮಾತು: 30 ಡಾಲರ್ ಅಂದ ಕೂಡಲೇ ಅಮ್ಮ ಅದನ್ನು ರೂಪಾಯಿಗೆ ಲೆಕ್ಕ ಹಾಕುತ್ತಾರೆ. "ನಾನು ಹೊರಗೇ ಕೂತಿರ್ತೀನಿ, ನೀವು ನೋಡ್ಕೊಂಡು ಬನ್ನಿ" ಅನ್ನುತ್ತಾರೆ. ಅದಕ್ಕೇ ಟಿಕೆಟ್ ಮನೆಯಲ್ಲೇ, ಅವರ ಕಣ್ಣಿಗೆ ಬೀಳದ ಹಾಗೆ ತೆಗೆದುಬಿಡಿ.

ಯಾವ ದಿನ ಹೋಗೋದು ಒಳ್ಳೆಯದು?

ಬುಧವಾರ ರಜೆ. ಈ ಒಂದು ಸಾಲನ್ನು ಎರಡು ಸಲ ಓದಿಕೊಳ್ಳಿ. ರಜೆ ಹಾಕಿ, ರೈಲು ಹಿಡಿದು, ಬುಧವಾರವೇ ಮೆಟ್ಟಿಲು ಹತ್ತಿ ಬಂದವರು ನನಗೆ ಗೊತ್ತು. ಅವರಲ್ಲಿ ನಾನೂ ಒಬ್ಬ. ಉಳಿದ ದಿನ ಬೆಳಗ್ಗೆ 10ರಿಂದ ಸಂಜೆ 5ರವರೆಗೆ. ಶುಕ್ರವಾರ, ಶನಿವಾರ ರಾತ್ರಿ 9ರ ತನಕ ತೆರೆದಿರುತ್ತದೆ. ಥ್ಯಾಂಕ್ಸ್‌ಗಿವಿಂಗ್, ಕ್ರಿಸ್‌ಮಸ್, ಹೊಸ ವರ್ಷದ ಮೊದಲ ದಿನ ಇಲ್ಲ. ಮೇ ತಿಂಗಳ ಮೊದಲ ಸೋಮವಾರವೂ ಇಲ್ಲ. ಅವತ್ತು ಅಲ್ಲಿ ಮೆಟ್ ಗಾಲಾ ಎಂಬ ದೊಡ್ಡ ಫ್ಯಾಷನ್ ಔತಣ. ನಮ್ಮ ಕಡೆಯ ಸಿನಿಮಾದವರು ನೆಲಕ್ಕೆ ಎಳೆಯುವ ಬಟ್ಟೆ ಹಾಕಿಕೊಂಡು ಮೆಟ್ಟಿಲು ಹತ್ತುವ ಫೋಟೊ ನೋಡಿರುತ್ತೀರಲ್ಲ, ಅದೇ ಮೆಟ್ಟಿಲು.

ನನ್ನ ಆಯ್ಕೆ ಶುಕ್ರವಾರ ಮಧ್ಯಾಹ್ನ 3 ಗಂಟೆ. ಶಾಲೆಯ ಮಕ್ಕಳ ದಂಡು ಅಷ್ಟರಲ್ಲಿ ಹೋಗಿರುತ್ತದೆ, ನಿಮಗೆ ಇನ್ನೂ ಆರು ಗಂಟೆ ಕೈಯಲ್ಲಿರುತ್ತದೆ. ಮಳೆ ಬರುವ ಶನಿವಾರ ಮಾತ್ರ ಬೇಡ. ಇಡೀ ನಗರಕ್ಕೆ ಅವತ್ತು ಅದೇ ಯೋಚನೆ ಬಂದಿರುತ್ತದೆ.

ನ್ಯೂಜೆರ್ಸಿಯಿಂದ ಹೋಗುವುದು ಹೇಗೆ?

ರೈಲಿನಲ್ಲಿ ಪೆನ್ ಸ್ಟೇಷನ್. ಅಲ್ಲಿ ಸಬ್‌ವೇಯ ಸಿ ರೈಲು ಹತ್ತಿ 81ನೇ ಬೀದಿಯಲ್ಲಿ ಇಳಿಯಿರಿ (ಡೈನೋಸಾರ್ ನಿಲ್ದಾಣ). ಮೇಲೆ ಬಂದು ಎಂ 79 ಬಸ್ ಹತ್ತಿದರೆ ಪಾರ್ಕಿನೊಳಗಿಂದ ಹಾದು ಫಿಫ್ತ್ ಅವೆನ್ಯೂ ಹತ್ತಿರ ಬಿಡುತ್ತದೆ. ಅಲ್ಲಿಂದ ಮೂರೇ ಬೀದಿ. ಕಾಲು ಗಟ್ಟಿ ಇದ್ದರೆ, ಹವಾ ಚೆನ್ನಾಗಿದ್ದರೆ ಬಸ್ ಬಿಟ್ಟು ಪಾರ್ಕಿನಲ್ಲಿ ನಡೆದುಬಿಡಿ. ಇನ್ನೊಂದು ದಾರಿ 4, 5, 6 ನಂಬರಿನ ರೈಲಿನಲ್ಲಿ 86ನೇ ಬೀದಿಗೆ ಬಂದು ಪಶ್ಚಿಮಕ್ಕೆ ನಡೆಯುವುದು. ಕಾರು ತರಬಹುದು, ಮ್ಯೂಸಿಯಂನದೇ ಪಾರ್ಕಿಂಗ್ ಇದೆ. ಆದರೆ ಸುರಂಗದ ಟೋಲ್, ಪಾರ್ಕಿಂಗ್ ದುಡ್ಡು ಎರಡನ್ನೂ ಕೂಡಿಸಿ ನೋಡಿದ ಮೇಲೆ ನಾನು ಆ ದಾರಿ ಹಿಡಿದಿಲ್ಲ.

ಎಷ್ಟು ಹೊತ್ತು ಬೇಕು? ಅರ್ಧ ದಿನದಲ್ಲಿ ಮುಗಿಯುತ್ತಾ?

ಮುಗಿಯುವುದಿಲ್ಲ. ಅರ್ಧ ವರ್ಷದಲ್ಲೂ ಮುಗಿಯುವುದಿಲ್ಲ. 15 ಲಕ್ಷಕ್ಕೂ ಜಾಸ್ತಿ ವಸ್ತುಗಳು ಅವರ ಬಳಿ ಇವೆ. ಐದು ಸಾವಿರ ವರ್ಷದ ಕೈಕೆಲಸ. ಗೋಡೆ, ಗಾಜಿನ ಪೆಟ್ಟಿಗೆಗಳಲ್ಲಿ ನಮಗೆ ಕಾಣಸಿಗುವುದು ಅದರಲ್ಲಿ ಸಣ್ಣ ಪಾಲು. ಆ ಸಣ್ಣ ಪಾಲೂ ನಮ್ಮ ಕಾಲಿಗೆ ಮೀರಿದ್ದು.

ಒಂದು ಸಲ ನಮ್ಮ ಮಾವನವರು ಒಂದು ಟೂರ್ ಬಸ್ಸಿನಲ್ಲಿ ಹೋಗಿದ್ದರು. ಮೆಟ್‌ಗೆ ಕೊಟ್ಟದ್ದು 45 ನಿಮಿಷ. ಅದರಲ್ಲಿ ಚೀಲ ತಪಾಸಣೆಯ ಸಾಲಿಗೆ ಇಪ್ಪತ್ತು, ಶೌಚಾಲಯ ಹುಡುಕಲು ಹತ್ತು. ಉಳಿದದ್ದರಲ್ಲಿ ಒಂದು ಮಮ್ಮಿ ಪೆಟ್ಟಿಗೆ ನೋಡಿ ವಾಪಸ್. "ಏನು ನೋಡಿದ್ರಿ ಮಾವ?" ಅಂದರೆ "ಸಾಲು ನೋಡಿದೆ" ಅಂದರು.

ನಾನು ಎಲ್ಲರಿಗೂ ಹೇಳುವುದು ಇಷ್ಟೇ. ಎರಡೂವರೆ ಗಂಟೆ ಇಟ್ಟುಕೊಳ್ಳಿ. ನಾಲ್ಕು ಜಾಗ ಆರಿಸಿಕೊಳ್ಳಿ. ಒಂದೊಂದು ಕಡೆಯೂ ಕೂತುಕೊಳ್ಳಿ. ನಡುವೆ ದಾರಿಯಲ್ಲಿ ಸಿಕ್ಕಿದ್ದನ್ನು ಮದುವೆಮನೆಯಲ್ಲಿ ದೂರದ ನೆಂಟರಿಗೆ ನಕ್ಕ ಹಾಗೆ ನಕ್ಕು ಮುಂದೆ ಹೋಗಿ.

ಹಾಗಾದರೆ ಆ ನಾಲ್ಕು ಜಾಗ ಯಾವುವು?

ಒಬ್ಬೊಬ್ಬರಿಗೆ ಒಂದೊಂದು ಹಿಡಿಸುತ್ತದೆ. ನಾನು ಊರಿನವರನ್ನು ಕರೆದುಕೊಂಡು ಹೋಗುವ ಜಾಗಗಳನ್ನು ಹೇಳುತ್ತೇನೆ.

ಮೊದಲು ಡೆಂಡೂರ್ ದೇವಸ್ಥಾನ. ಈಜಿಪ್ಟ್ ವಿಭಾಗದ ಕೊನೆಗೆ, ಒಂದು ಕಡೆ ಪೂರ್ತಿ ಗಾಜಿನ ಗೋಡೆ ಇರುವ ದೊಡ್ಡ ಹಾಲ್‌ನಲ್ಲಿ ಕಲ್ಲಿನ ಗುಡಿ ನಿಂತಿದೆ. ಎರಡು ಸಾವಿರ ವರ್ಷ ಹಳೆಯದು. ರೋಮಿನ ಅಗಸ್ಟಸ್ ಈಜಿಪ್ಟ್ ಗೆದ್ದ ಮೇಲೆ ನೈಲ್ ನದಿಯ ದಡದಲ್ಲಿ ಐಸಿಸ್ ದೇವಿಗೆ ಕಟ್ಟಿಸಿದ್ದು. 1960ರ ದಶಕದಲ್ಲಿ ಆಸ್ವಾನ್ ದೊಡ್ಡ ಅಣೆಕಟ್ಟು ಬಂತು, ಹಿನ್ನೀರಿನಲ್ಲಿ ಗುಡಿಗಳು ಮುಳುಗುವ ಹಾಗಾಯಿತು. ಅವನ್ನು ಉಳಿಸಲು ಅಮೆರಿಕ ದುಡ್ಡು ಕೊಟ್ಟಿತ್ತು. ಅದಕ್ಕೆ ಪ್ರತಿಯಾಗಿ 1965ರಲ್ಲಿ ಈಜಿಪ್ಟ್ ಈ ಗುಡಿಯನ್ನು ಉಡುಗೊರೆ ಕೊಟ್ಟಿತು. ಕಲ್ಲು ಬಿಚ್ಚಿ 661 ಪೆಟ್ಟಿಗೆಗಳಲ್ಲಿ ತುಂಬಿ ಹಡಗಿನಲ್ಲಿ ತಂದರು. ಇಲ್ಲಿ ಜೋಡಿಸಿ ಜನರಿಗೆ ತೆರೆದದ್ದು 1978ರಲ್ಲಿ. ಎದುರಿಗಿರುವ ನೀರಿನ ಕೊಳ ನೈಲ್ ನದಿಯ ನೆನಪಿಗೆ.

ಈ ಕಥೆ ನಮ್ಮವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಮಂಡ್ಯದ ಕಡೆಯ ಒಬ್ಬ ಹಿರಿಯರನ್ನು ಕರೆದುಕೊಂಡು ಹೋದಾಗ ಅರ್ಧಕ್ಕೇ ತಡೆದು "ನಮ್ಮ ಕನ್ನಂಬಾಡಿ ಹಾಗೆ" ಅಂದರು. ಕೃಷ್ಣರಾಜಸಾಗರದ ನೀರಿನಲ್ಲಿ ಮುಳುಗಿದ್ದ ವೇಣುಗೋಪಾಲಸ್ವಾಮಿ ಗುಡಿಯನ್ನು ಕಲ್ಲು ಕಲ್ಲು ಬಿಚ್ಚಿ ಹೊಸ ಕನ್ನಂಬಾಡಿಯಲ್ಲಿ ಕಟ್ಟಿದ್ದಾರಲ್ಲ, ಅದನ್ನು ಅವರು ಕಣ್ಣಾರೆ ಕಂಡಿದ್ದರು. ಆಮೇಲೆ ಅರ್ಧ ಗಂಟೆ ಅವರೇ ನನಗೆ ಗೈಡ್. ಗುಡಿಯ ಗೋಡೆಯ ಮೇಲೆ 19ನೇ ಶತಮಾನದ ಪ್ರವಾಸಿಗಳು ಕೆತ್ತಿದ ಹೆಸರುಗಳಿವೆ, ಅದನ್ನು ಮರೆಯದೆ ತೋರಿಸಿ. ಕಲ್ಲಿನ ಮೇಲೆ ಹೆಸರು ಗೀಚುವ ಚಟ ನಮ್ಮ ಜನಕ್ಕೆ ಮಾತ್ರ ಅಂದುಕೊಂಡವರಿಗೆ ಸ್ವಲ್ಪ ಸಮಾಧಾನ.

ಎರಡನೆಯದು ಅಮೆರಿಕನ್ ವಿಂಗ್‌ನಲ್ಲಿರುವ ವಾಷಿಂಗ್ಟನ್ ದೋಣಿ. ಇಮ್ಯಾನುಯೆಲ್ ಲೊಯ್ಟ್ಸ 1851ರಲ್ಲಿ ಬರೆದದ್ದು. 12 ಅಡಿ ಎತ್ತರ, 21 ಅಡಿ ಅಗಲ. ನಮ್ಮ ಅಪಾರ್ಟ್‌ಮೆಂಟಿನ ಹಾಲ್‌ನ ಯಾವ ಗೋಡೆಗೂ ಹಿಡಿಸುವುದಿಲ್ಲ. ಅಮೆರಿಕದ ಸ್ವಾತಂತ್ರ್ಯ ಯುದ್ಧದ ನಡುವೆ, 1776ರ ಕ್ರಿಸ್‌ಮಸ್ ರಾತ್ರಿ ಜಾರ್ಜ್ ವಾಷಿಂಗ್ಟನ್ ತನ್ನ ಸೈನ್ಯದ ಜೊತೆ ಹಿಮ ತೇಲುವ ಡೆಲವೇರ್ ನದಿ ದಾಟುತ್ತಿದ್ದಾನೆ. ದಾಟಿ ಬರುತ್ತಿರುವುದು ಎಲ್ಲಿಗೆ? ನಮ್ಮ ನ್ಯೂಜೆರ್ಸಿಗೆ. ದೋಣಿಯಲ್ಲಿ ಹಾರುತ್ತಿರುವ ಬಾವುಟ ಆ ರಾತ್ರಿ ಇನ್ನೂ ಹುಟ್ಟೇ ಇರಲಿಲ್ಲ. ಅದು ಬಂದದ್ದು 1777ರಲ್ಲಿ. ಚಿತ್ರ ಬರೆದದ್ದೂ ಜರ್ಮನಿಯಲ್ಲಿ ಕೂತು. ಆದರೂ ಎದುರಿಗೆ ನಿಂತರೆ ಚಳಿ ಹತ್ತುತ್ತದೆ.

ಮೂರನೆಯದು ತೀರಾ ಚಿಕ್ಕದು. ದುಚ್ಚಿಯೊ ಎಂಬ ಇಟಲಿಯ ಚಿತ್ರಕಾರ 1300ರ ಆಸುಪಾಸಿನಲ್ಲಿ ಮರದ ಹಲಗೆಯ ಮೇಲೆ ಬರೆದ ತಾಯಿ ಮಗು, ಅಂದರೆ ಮೇರಿ ಮತ್ತು ಯೇಸು. ಶಾಲೆಯ ನೋಟ್‌ಬುಕ್ಕಿನಷ್ಟು ಅಳತೆ. 2004ರಲ್ಲಿ ಮ್ಯೂಸಿಯಂ ಇದಕ್ಕೆ ಸುಮಾರು 4.5 ಕೋಟಿ ಡಾಲರ್ ಕೊಟ್ಟಿತು ಎಂದು ಪತ್ರಿಕೆಗಳಲ್ಲಿ ಬಂದಿತ್ತು. ಆ ಬೆಲೆ ಯಾಕೆ ಅಂತ ನಾನು ಕಲಾ ಇತಿಹಾಸ ಹೇಳಲು ಹೊರಟಿದ್ದೆ. ಅಮ್ಮ ಅದನ್ನು ಕೇಳಿಸಿಕೊಳ್ಳದೆ ಚೌಕಟ್ಟಿನ ಕೆಳಗಿನ ಅಂಚು ತೋರಿಸಿ "ದೀಪ ತಾಗಿ ಸುಟ್ಟಿದೆ ನೋಡು" ಅಂದರು. ನಿಜ. ಯಾರದೋ ಮನೆಯಲ್ಲಿ ಈ ಚಿತ್ರದ ಮುಂದೆ ಮೇಣದ ಬತ್ತಿ ಹಚ್ಚಿ ಪ್ರಾರ್ಥಿಸಿದ ಗುರುತು ಅದು. ದೇವರ ಮನೆಯ ಫೋಟೊಗಳ ಕೆಳಗೆ ಎಷ್ಟು ವರ್ಷದಿಂದ ಆ ಕಪ್ಪು ಒರೆಸಿದ್ದಾರೋ, ಅವರ ಕಣ್ಣು ಮೊದಲು ಹೋಗುವುದೇ ಅಲ್ಲಿಗೆ.

ನಾಲ್ಕನೆಯದು ನಮ್ಮ ದೇಶದ ವಿಭಾಗ. ಅದಕ್ಕೆ ಬೇರೆ ಪ್ರಶ್ನೆಯೇ ಇದೆ.

ಭಾರತದ್ದು ಎಲ್ಲಿದೆ? ಕರ್ನಾಟಕದ್ದು ಏನಾದರೂ ಇದೆಯಾ?

ಎರಡನೇ ಮಹಡಿಯಲ್ಲಿ, ಎರಡು ಬೇರೆ ಬೇರೆ ಕಡೆ. ಇದು ಗೊತ್ತಿಲ್ಲದೆ ಒಂದನ್ನೇ ನೋಡಿ ಬರುವವರು ತುಂಬ.

ಹಳೆಯ ಶಿಲ್ಪ, ಬುದ್ಧ, ಜಿನ, ಚೋಳರ ಕಂಚು ಎಲ್ಲ ಏಷ್ಯಾ ವಿಭಾಗದಲ್ಲಿ. ಅಲ್ಲಿ ಗುಜರಾತಿನ ಪಾಟಣದ ಜೈನ ಬಸದಿಯೊಂದರ ಮರದ ಮಂಟಪವನ್ನೇ ತಂದು ನಿಲ್ಲಿಸಿದ್ದಾರೆ. 16ನೇ ಶತಮಾನದ ಕೊನೆಯ ಭಾಗದ ಕೆಲಸ. ಅದರ ಕೆಳಗೆ ನಿಂತು ಕತ್ತು ನೋಯುವ ತನಕ ಮೇಲೆ ನೋಡಿ. ಕಲ್ಲಿನಲ್ಲಿ ನಾವು ಹಳೇಬೀಡು, ಬೇಲೂರಿನ ಭುವನೇಶ್ವರಿಗಳಲ್ಲಿ (ಕೆತ್ತನೆಯ ಚಾವಣಿಗಳಲ್ಲಿ) ಕಂಡ ಕುಸುರಿ ಇಲ್ಲಿ ಮರದಲ್ಲಿ ಸುತ್ತು ಸುತ್ತಾಗಿ ಇಳಿದು ಬರುತ್ತದೆ.

ಮೊಗಲರು, ರಜಪೂತರು, ದಖ್ಖನ್ ಸುಲ್ತಾನರ ಕಾಲದ್ದು ಅದೇ ಮಹಡಿಯ ಇನ್ನೊಂದು ತುದಿಯಲ್ಲಿದೆ. ಅರಬ್, ಟರ್ಕಿ, ಇರಾನ್ ವಸ್ತುಗಳ ಜೊತೆ. ಕರ್ನಾಟಕ ಸಿಗುವುದು ಇಲ್ಲೇ. ಬೀದರಿನ ಬಿದ್ರಿ ಕೆಲಸದ ಹುಕ್ಕಾ ಬುಡಗಳು ಇವರ ಸಂಗ್ರಹದಲ್ಲಿವೆ. ಕಪ್ಪು ಲೋಹದ ಮೇಲೆ ಬೆಳ್ಳಿಯ ಹೂಬಳ್ಳಿ. ಸತು, ತಾಮ್ರ ಬೆರೆಸಿ ಎರಕ ಹೊಯ್ದು, ಬೆಳ್ಳಿ ತಂತಿ, ತಗಡು ಕೂರಿಸಿ, ಕೊನೆಗೆ ಬೀದರ್ ಕೋಟೆಯ ಮಣ್ಣು ಹಾಕಿದ ದ್ರಾವಣದಲ್ಲಿ ಅದ್ದಿ ಕಪ್ಪು ಮಾಡುವ ಕೆಲಸ. ಅದೇ ಊರಿನಲ್ಲಿ ಇವತ್ತಿಗೂ ಮಾಡುತ್ತಾರೆ. ನಮ್ಮ ಮನೆಯ ಶೋಕೇಸಿನಲ್ಲಿರುವ ಸಣ್ಣ ಬಿದ್ರಿ ಡಬ್ಬಿ, ಮದುವೆಗೆ ಯಾರೋ ಕೊಟ್ಟದ್ದು, ಇಲ್ಲಿಂದ ಹೋದ ಮೇಲೆ ಒಮ್ಮೆಲೇ ದೊಡ್ಡ ಮನುಷ್ಯ ಆಯಿತು.

ಬಿಜಾಪುರದ ಒಂದು ಚಿತ್ರವೂ ಮೆಟ್ ಬಳಿ ಇದೆ. ಕಮಾಲ್ ಮಹಮ್ಮದ್, ಚಾಂದ್ ಮಹಮ್ಮದ್ ಎಂಬಿಬ್ಬರು 1680ರ ಹೊತ್ತಿಗೆ ಬರೆದದ್ದು. ಆದಿಲ್ ಶಾಹಿ ಸುಲ್ತಾನರು ತಲೆಮಾರುಗಳನ್ನು ದಾಟಿ ಒಂದೇ ಕಡೆ ಒಟ್ಟಿಗೆ ಕೂತಿದ್ದಾರೆ. ಗೋಳಗುಮ್ಮಟದ ಮಹಮ್ಮದ್ ಆದಿಲ್ ಶಾ ಇದ್ದಾನೆ. ಕೊನೆಯ ಸಿಕಂದರ್ ಇನ್ನೂ ಹುಡುಗ. ಆರೇ ವರ್ಷದಲ್ಲಿ, 1686ರಲ್ಲಿ, ಔರಂಗಜೇಬ ಬಿಜಾಪುರ ತೆಗೆದುಕೊಂಡ. ಅದು ಗೊತ್ತಿದ್ದು ನೋಡಿದರೆ ಮನೆ ಮಾರುವ ಮುಂಚೆ ಎಲ್ಲರೂ ಕೂತು ತೆಗೆಸಿಕೊಂಡ ಗ್ರೂಪ್ ಫೋಟೊ ಹಾಗೆ ಇದೆ. ಕಾಗದದ ಮೇಲಿನ ಚಿತ್ರಗಳು ಬೆಳಕಿಗೆ ಮಾಸುತ್ತವೆ, ಅದಕ್ಕೇ ಅವನ್ನು ಸ್ವಲ್ಪ ಕಾಲ ಮಾತ್ರ ಹೊರಗಿಟ್ಟು ಒಳಗೆ ಸೇರಿಸುತ್ತಾರೆ. ಹೋಗುವ ಮುಂಚೆ ಮ್ಯೂಸಿಯಂನ ವೆಬ್‌ಸೈಟಿನಲ್ಲಿ ಅದು ಈಗ ಗ್ಯಾಲರಿಯಲ್ಲಿದೆಯೇ ನೋಡಿಕೊಳ್ಳಿ. ಇಲ್ಲದಿದ್ದರೂ ಚಿತ್ರವನ್ನು ಅಲ್ಲೇ ದೊಡ್ಡದು ಮಾಡಿ ನೋಡಬಹುದು.

ದೇವರ ವಿಗ್ರಹಕ್ಕೆ ಕೈ ಮುಗಿಯಬಹುದಾ? ಚಪ್ಪಲಿ ಬಿಡಬೇಕಾ?

ಕೈ ಮುಗಿಯಿರಿ, ಯಾರೂ ಏನೂ ಅನ್ನುವುದಿಲ್ಲ. ಚಪ್ಪಲಿ ಬಿಡಬೇಡಿ. ಮುಟ್ಟಬೇಡಿ, ಕಾಸು ಇಡಬೇಡಿ. ಅಮ್ಮ ಮೊದಲ ಸಲ ಚೋಳರ ಪಾರ್ವತಿ ಎದುರು ಚಪ್ಪಲಿ ಬಿಟ್ಟೇಬಿಟ್ಟರು. ಕಾವಲಿನ ಹೆಂಗಸು ಬಂದು ನಗುತ್ತಾ ಹಾಕಿಕೊಳ್ಳಿ ಅಂತ ಸನ್ನೆ ಮಾಡಿದರು.

ಅಮ್ಮನ ಪೇಚಾಟ ಬೇರೆಯೇ ಇತ್ತು. "ಸೀರೆ ಇಲ್ಲದೆ ನಿಲ್ಲಿಸಿದ್ದಾರಲ್ಲೋ" ಅಂದರು. ಯೋಚಿಸಿ ನೋಡಿ, ಸರಿಯಾದ ಮಾತು. ಈ ಕಂಚುಗಳೆಲ್ಲ ಉತ್ಸವಮೂರ್ತಿಗಳು. ಪೀಠದಲ್ಲಿ ತೂತು, ಬಳೆಗಳಿವೆ, ಗಮನಿಸಿ. ಪಲ್ಲಕ್ಕಿಯ ಕೋಲು, ಹಗ್ಗ ಹಾಕಿ ಕಟ್ಟಲು ಅವು. ಊರಲ್ಲಿ ಇವರು ಬೀದಿಗೆ ಬರುವಾಗ ರೇಷ್ಮೆ, ಒಡವೆ, ಹೂವಿನ ರಾಶಿಯಲ್ಲಿ ಮುಖ ಒಂದು ಕಂಡರೆ ಹೆಚ್ಚು. ನಾವು ಮೆಚ್ಚಿ ನೋಡುವ ಆ ಸೊಂಟದ ಬಾಗು, ತೋಳಿನ ಇಳಿಜಾರು ಭಕ್ತರಿಗೆ ಕಾಣುತ್ತಲೇ ಇರಲಿಲ್ಲ. ಕಾಣದ ಕಡೆಯೂ ಅಷ್ಟು ಚೆನ್ನಾಗಿ ಮಾಡಿದವರ ಕೈಗೆ ಏನು ಹೇಳೋಣ. ನನಗೆ ಇಡೀ ಮ್ಯೂಸಿಯಂನಲ್ಲಿ ಹೆಚ್ಚು ಹೊತ್ತು ನಿಲ್ಲುವ ಜಾಗ ಇದೇ. ಖುಷಿಯೂ ಆಗುತ್ತದೆ, ಕಸಿವಿಸಿಯೂ ಆಗುತ್ತದೆ.

ಇವೆಲ್ಲ ನಮ್ಮಿಂದ ಕದ್ದು ತಂದದ್ದಾ?

ಮಾವನವರ ಪೀಳಿಗೆ ತಪ್ಪದೆ ಕೇಳುವ ಪ್ರಶ್ನೆ. ಎಲ್ಲವೂ ಅಲ್ಲ, ಕೆಲವು ಹೌದು. 2023ರ ಮಾರ್ಚ್‌ನಲ್ಲಿ ಮೆಟ್ ತಾನೇ 15 ಶಿಲ್ಪಗಳನ್ನು ಭಾರತಕ್ಕೆ ಮರಳಿಸುವುದಾಗಿ ಪ್ರಕಟಿಸಿತು. ಎಲ್ಲವೂ ವಿಗ್ರಹ ಕಳ್ಳಸಾಗಣೆಯಲ್ಲಿ ಸಿಕ್ಕಿಬಿದ್ದು ತಮಿಳುನಾಡಿನಲ್ಲಿ ಶಿಕ್ಷೆಯಾದ ಒಬ್ಬ ವ್ಯಾಪಾರಿ ಕೈದಾಟಿಸಿದ್ದವು. ಈಜಿಪ್ಟಿಗೂ ಹೀಗೆ ಒಂದು ಚಿನ್ನದ ಶವಪೆಟ್ಟಿಗೆ 2019ರಲ್ಲಿ ವಾಪಸ್ ಹೋಯಿತು. ಮ್ಯೂಸಿಯಂ ಅದನ್ನು 2017ರಲ್ಲಷ್ಟೇ ಸುಮಾರು 40 ಲಕ್ಷ ಡಾಲರ್ ಕೊಟ್ಟು ಕೊಂಡಿತ್ತು.

ಪ್ರತಿ ವಸ್ತುವಿನ ಪಕ್ಕದ ಚೀಟಿಯ ಕೊನೆಯ ಸಾಲು ಓದುವ ಅಭ್ಯಾಸ ಮಾಡಿಕೊಳ್ಳಿ. ಯಾರು ಕೊಟ್ಟರು, ಯಾವ ವರ್ಷ ಬಂತು ಅಂತ ಇರುತ್ತದೆ. ವೆಬ್‌ಸೈಟಿನಲ್ಲಿ ಅದಕ್ಕೂ ಮುಂಚೆ ಯಾರ ಯಾರ ಕೈಯಲ್ಲಿತ್ತು ಎಂಬ ಪಟ್ಟಿ ಇರುತ್ತದೆ. ಜಮೀನು ಕೊಳ್ಳುವಾಗ ಪಹಣಿ ನೋಡುವ ಹಾಗೆ ನೋಡಿ. ಪಟ್ಟಿ 1970ರ ದಶಕದಲ್ಲಿ ಯಾವುದೋ ಅಂಗಡಿಯಿಂದ ಶುರುವಾದರೆ, ಅದಕ್ಕೂ ಹಿಂದೆ ಎಲ್ಲಿತ್ತು ಅಂತ ಕೇಳುವ ಹಕ್ಕು ನಿಮಗಿದೆ.

ಅಪ್ಪನಿಗೆ ಮಂಡಿ ನೋವು. ನಡೆಯಲು ಆಗುತ್ತಾ?

ವೀಲ್‌ಚೇರ್ ಪುಕ್ಕಟೆ ಸಿಗುತ್ತದೆ. ದೊಡ್ಡ ಮೆಟ್ಟಿಲು ಹತ್ತುವುದು ಬೇಡ, 81ನೇ ಬೀದಿಯ ಕಡೆ ನೆಲಮಟ್ಟದ ಬಾಗಿಲು ಇದೆ. ಅಲ್ಲಿ ಸಾಲೂ ಸಾಮಾನ್ಯವಾಗಿ ಕಮ್ಮಿ. ಒಳಗೆ ಲಿಫ್ಟ್‌ಗಳಿವೆ, ಹುಡುಕಬೇಕು ಅಷ್ಟೇ. ವೀಲ್‌ಚೇರ್ ಅಂದರೆ ನಮ್ಮ ಹಿರಿಯರಿಗೆ ಅವಮಾನ. "ನನಗೇನಾಗಿದೆ" ಅಂತಾರೆ. ನಮ್ಮ ಅಪ್ಪನಿಗೆ ನಾನು ಹೇಳಿದ್ದು, "ಕೋಟು ಚೀಲ ಇಡೋಕೆ ತಗೊಳ್ಳೋಣ." ಅರ್ಧ ಗಂಟೆಯಲ್ಲಿ ಕೋಟು ಅಪ್ಪನ ತೊಡೆಯ ಮೇಲಿತ್ತು.

ಕೂತು ದಣಿವಾರಿಸಿಕೊಳ್ಳಲು ಒಳ್ಳೆಯ ಜಾಗ ಏಷ್ಯಾ ವಿಭಾಗದ ಚೀನೀ ಅಂಗಳ. ಸೂಜೌ ಊರಿನ ಹಳೆಯ ತೋಟವೊಂದರ ಮಾದರಿಯಲ್ಲಿ ಚೀನಾದ ಕುಶಲಕರ್ಮಿಗಳೇ ಬಂದು ಕಟ್ಟಿದ್ದು, 1981ರಲ್ಲಿ ತೆರೆಯಿತು. ಬಂಡೆ, ನೀರು, ಮೇಲಿಂದ ಬೆಳಕು. ನಮ್ಮ ಕಡೆ ತೊಟ್ಟಿಮನೆಯಲ್ಲಿ ಬೆಳೆದವರಿಗೆ ಅಲ್ಲಿ ಕೂತ ಕೂಡಲೇ ಮಾತು ಬರುತ್ತದೆ.

ಊಟ ಕಟ್ಟಿಕೊಂಡು ಹೋಗಬಹುದಾ?

ಒಳಗೆ ಹೊರಗಿನ ಊಟ ಬಿಡುವುದಿಲ್ಲ, ನೀರಿನ ಬಾಟಲಿ ಮಾತ್ರ. ಒಳಗಿನ ಕೆಫೆಗಳು ದುಬಾರಿ. ಸಸ್ಯಾಹಾರಿಗಳಿಗೆ ಸೊಪ್ಪು, ಬ್ರೆಡ್, ಚೀಸ್‌ನಲ್ಲಿ ಸುತ್ತಾಡಬೇಕು. ಒಮ್ಮೆ ಅಮ್ಮನ ಚೀಲದಲ್ಲಿದ್ದ ಪುಳಿಯೋಗರೆ ಡಬ್ಬಿ ತಪಾಸಣೆಯಲ್ಲಿ ಸಿಕ್ಕಿತು. ವಾಪಸ್ ಬಂದು ಮೆಟ್ಟಿಲ ಮೇಲೆ ಕೂತು ತಿಂದೆವು. ಅದೇನೂ ನಾಚಿಕೆಯ ವಿಷಯ ಅಲ್ಲ. ಅರ್ಧ ನ್ಯೂಯಾರ್ಕ್ ಅಲ್ಲೇ ಕೂತು ತಿನ್ನುತ್ತದೆ. ಮುಂದೆ ಕಾರಂಜಿ, ಹಾಟ್‌ಡಾಗ್ ಗಾಡಿಗಳು, ಯಾರೋ ಸ್ಯಾಕ್ಸೊಫೋನ್ ನುಡಿಸುತ್ತಿರುತ್ತಾರೆ. ಈಗ ನಾವು ಬೇಕೆಂದೇ ಮೊದಲು ಮೆಟ್ಟಿಲ ಮೇಲೆ ಊಟ ಮುಗಿಸಿ ಒಳಗೆ ಹೋಗುತ್ತೇವೆ. ಪಾರ್ಕಿನಲ್ಲಿ ಬೆಂಚುಗಳೂ ಇವೆ.

ಚೀಲ, ಕೋಟು?

ಸೂಟ್‌ಕೇಸ್, ದೊಡ್ಡ ಬೆನ್ನುಚೀಲ ಒಳಗೆ ಬಿಡುವುದಿಲ್ಲ. ವಿಮಾನ ನಿಲ್ದಾಣದಿಂದ ನೇರ ಬರುವ ಯೋಚನೆ ಬಿಡಿ. ಸಣ್ಣ ಬೆನ್ನುಚೀಲವನ್ನು ಎದೆಯ ಮುಂದೆ ಹಾಕಿಕೊಳ್ಳಲು ಹೇಳುತ್ತಾರೆ. ಕೋಟ್ ಚೆಕ್‌ಗೆ ದುಡ್ಡಿಲ್ಲ. ಬೇಸಿಗೆಯಲ್ಲೂ ಅಮ್ಮನಿಗೆ ಒಂದು ಶಾಲು ಇರಲಿ, ಒಳಗೆ ಏಸಿ ಜೋರು.

ಫೋಟೊ ತೆಗೆಯಬಹುದಾ?

ಧಾರಾಳವಾಗಿ. ಫ್ಲ್ಯಾಶ್, ಟ್ರೈಪಾಡ್, ಸೆಲ್ಫಿ ಕೋಲು ಬೇಡ. ಕೆಲವು ವಿಶೇಷ ಪ್ರದರ್ಶನಗಳಲ್ಲಿ ಬೇಡ ಅಂತ ಬೋರ್ಡು ಇರುತ್ತದೆ. ವೈಫೈ ಪುಕ್ಕಟೆ ಇದೆ, ಆದ್ದರಿಂದ ಅತ್ತೆಯವರು ಅಲ್ಲಿಂದಲೇ ಮೈಸೂರಿನ ತಂಗಿಗೆ ವಿಡಿಯೊ ಕಾಲ್ ಮಾಡುತ್ತಾರೆ. ದನಿ ಸ್ವಲ್ಪ ತಗ್ಗಿಸಲು ಹೇಳಿ. ಚಿತ್ರಗಳ ಒಳ್ಳೆಯ ಪ್ರತಿ ಬೇಕೆಂದರೆ ಹಕ್ಕುಸ್ವಾಮ್ಯ ಮುಗಿದ ಲಕ್ಷಾಂತರ ಕೃತಿಗಳ ಚಿತ್ರಗಳನ್ನು 2017ರಿಂದ ಮ್ಯೂಸಿಯಂ ಪುಕ್ಕಟೆ ಬಿಟ್ಟಿದೆ. ಗಾಜಿನ ಹೊಳಪಿನ ಜೊತೆ ಗುದ್ದಾಡುವ ಬದಲು ಅದನ್ನು ಇಳಿಸಿಕೊಳ್ಳಿ. ನಿಮ್ಮ ಫೋನಿನಲ್ಲಿ ನಿಮ್ಮವರ ಮುಖ ತೆಗೆಯಿರಿ.

ಬಟ್ಟೆ ಇಲ್ಲದ ಮೂರ್ತಿಗಳು ತುಂಬ ಇವೆಯಂತೆ. ಮಾವನವರ ಜೊತೆ ಮುಜುಗರ ಆಗುವುದಿಲ್ವಾ?

ಗ್ರೀಕ್ ರೋಮನ್ ವಿಭಾಗ ದೊಡ್ಡ ಬಾಗಿಲಿನಿಂದ ಒಳಗೆ ಬಂದ ಕೂಡಲೇ ಎಡಕ್ಕೇ ಇದೆ. ತಪ್ಪಿಸಿಕೊಳ್ಳುವುದು ಕಷ್ಟ. ಮೊದಲ ಐದು ನಿಮಿಷ ಎಲ್ಲರೂ ಚಾವಣಿ ನೋಡುತ್ತಾರೆ. ಆಮೇಲೆ ಸರಿಹೋಗುತ್ತದೆ. ಗೊಮ್ಮಟನ ಮಸ್ತಕಾಭಿಷೇಕಕ್ಕೆ ಮನೆಮಂದಿಯೆಲ್ಲ ಹೋಗಿ ಬಂದವರು ನಾವು, ಅಷ್ಟೊಂದು ಹೆದರಬೇಕಾಗಿಲ್ಲ.

ಮಕ್ಕಳಿಗೆ ಬೇಜಾರಾಗುತ್ತಾ?

ಚಿತ್ರಗಳ ಮುಂದೆ ಆಗುತ್ತದೆ. ನೇರ ಆಯುಧಗಳ ಹಾಲ್‌ಗೆ ಕರೆದುಕೊಂಡು ಹೋಗಿ. ಕುದುರೆಗೂ ಕವಚ, ಸವಾರನಿಗೂ ಕವಚ, ಸಾಲಾಗಿ ಮೆರವಣಿಗೆ. ಇಂಗ್ಲೆಂಡಿನ ಎಂಟನೇ ಹೆನ್ರಿಯ ಕವಚವೂ ಇದೆ. ವಯಸ್ಸಾದ ಹಾಗೆ ಹೊಟ್ಟೆ ಬಂದದ್ದು ಕಬ್ಬಿಣದಲ್ಲೇ ಕಾಣುತ್ತದೆ, ಅದನ್ನು ಕಂಡುಹಿಡಿದ ನನ್ನ ಮಗಳು ಅಪ್ಪನ ಕಡೆ ತಿರುಗಿ ನೋಡಿದಳು. ಈಜಿಪ್ಟ್ ವಿಭಾಗದಲ್ಲಿ ವಿಲಿಯಂ ಎಂಬ ಅಡ್ಡಹೆಸರಿನ ನೀಲಿ ನೀರುಕುದುರೆ ಇದೆ, ಅಂಗೈಗಿಂತ ಸ್ವಲ್ಪ ದೊಡ್ಡದು, ಸುಮಾರು 3,900 ವರ್ಷದ್ದು. ಅದರ ಮೂರು ಕಾಲು ಈಚೆಗೆ ಜೋಡಿಸಿದ್ದು. ಸಮಾಧಿಯಲ್ಲಿ ಇಡುವಾಗ ಸತ್ತವನಿಗೆ ತೊಂದರೆ ಕೊಡದಿರಲಿ ಅಂತ ಆಗಿನವರೇ ಕಾಲು ಮುರಿದಿದ್ದರಂತೆ. ಸಂಗೀತ ವಾದ್ಯಗಳ ಕಡೆ ನವಿಲಿನ ಆಕಾರದ ನಮ್ಮ ಮಯೂರಿಯನ್ನೂ ತೋರಿಸಿ.

ಒಂದು ಚಿತ್ರದ ಪುಸ್ತಕ, ಪೆನ್ಸಿಲ್ ಕೊಡಿ. ಪೆನ್ ಬೇಡ, ಕಾವಲಿನವರು ಬೇಡ ಅನ್ನುತ್ತಾರೆ.

ನಮಗೆ ಕಲೆಯ ಬಗ್ಗೆ ಏನೂ ಗೊತ್ತಿಲ್ಲ. ಹೋಗಿ ಏನು ಮಾಡೋದು?

ದಿನಾ ಬಾಗಿಲಿಗೆ ರಂಗೋಲಿ ಹಾಕಿದವರು, ಸೀರೆಯ ಅಂಚು ಬೆರಳಲ್ಲಿ ಹಿಡಿದು ನೇಯ್ಗೆ ಹೇಳುವವರು ಈ ಮಾತು ಹೇಳಿದರೆ ನಾನು ನಂಬುವುದಿಲ್ಲ. ಟಿಕೆಟ್ಟಿನ ಜೊತೆಗೇ ಗೈಡ್ ಜೊತೆ ಸುತ್ತುವ ಉಚಿತ ಟೂರ್‌ಗಳಿವೆ, ಫೋನಿನಲ್ಲಿ ಆಡಿಯೊ ಗೈಡ್ ಇದೆ. ಕನ್ನಡದಲ್ಲಿ ಇಲ್ಲ. ಹಾಗಾಗಿ ಮಕ್ಕಳೇ ಅರ್ಥ ಮಾಡಿ ಹೇಳಬೇಕು. ಆದರೆ ಎಲ್ಲದಕ್ಕೂ ಹೇಳುತ್ತಾ ಹೋಗಬೇಡಿ. ಸುಮ್ಮನೆ ಬಿಟ್ಟರೆ ಅವರೇ ಏನಾದರೂ ಹೇಳುತ್ತಾರೆ, ಸುಟ್ಟ ಅಂಚಿನ ಹಾಗೆ.

ಕ್ಲಾಯ್ಸ್ಟರ್ಸ್ ಅಂದರೆ ಏನು? ಅದೇ ಟಿಕೆಟ್ ಸಾಕಾ?

ಮ್ಯಾನ್‌ಹಟನ್‌ನ ಉತ್ತರ ತುದಿಯಲ್ಲಿರುವ ಮೆಟ್‌ನ ಇನ್ನೊಂದು ಮನೆ. 1938ರಲ್ಲಿ ತೆರೆದದ್ದು, ಯುರೋಪಿನ ಮಧ್ಯಯುಗದ ಮಠಗಳ ಕಲ್ಲುಗಳನ್ನು ತಂದು ಸೇರಿಸಿ ಕಟ್ಟಿದ್ದು. ಒಂದೇ ಕೊಂಬಿನ ಕುದುರೆಯನ್ನು ಬೇಟೆಯಾಡುವ ನೇಯ್ಗೆಯ ಪರದೆಗಳು ಅಲ್ಲಿವೆ. ಅದೇ ದಿನ ಅದೇ ಟಿಕೆಟ್ ನಡೆಯುತ್ತದೆ. ಆದರೆ ಒಂದೇ ದಿನ ಎರಡೂ ಬೇಡ, ದಯವಿಟ್ಟು.

ಒಳಗೆ ತಪ್ಪಿಸಿಕೊಂಡರೆ?

ತಪ್ಪಿಸಿಕೊಂಡೇ ತೀರುತ್ತೀರಿ. ನಕ್ಷೆ ಇದ್ದರೂ. ಮೊದಲೇ ಎಲ್ಲರಿಗೂ ಒಂದು ಜಾಗ ಹೇಳಿಡಿ: ಗ್ರೇಟ್ ಹಾಲ್, ಮಧ್ಯದ ವಿಚಾರಣೆಯ ಕೌಂಟರ್. ಇಂಗ್ಲಿಷ್ ಬರದವರಿಗೆ "ಗ್ರೇಟ್ ಹಾಲ್" ಎಂಬ ಎರಡು ಶಬ್ದ ಬಾಯಿಪಾಠ ಮಾಡಿಸಿ, ಯಾವ ಕಾವಲಿನವರನ್ನು ಕೇಳಿದರೂ ದಾರಿ ತೋರಿಸುತ್ತಾರೆ. ಅಲ್ಲಿ ಆಳೆತ್ತರದ ಹೂವಿನ ಅಲಂಕಾರಗಳಿರುತ್ತವೆ, ನಿಜವಾದ ಹೂವು. ಅದಕ್ಕೆಂದೇ ಒಬ್ಬ ದಾನಿ ದುಡ್ಡು ಇಟ್ಟು ಹೋಗಿದ್ದಾರೆ, ವಾರ ವಾರ ಬದಲಾಯಿಸುತ್ತಾರೆ.

ಹೋದ ಸಲ ಅಮ್ಮ ತಪ್ಪಿಸಿಕೊಂಡು, ನಾನು ಗಾಬರಿಯಿಂದ ಓಡಿ ಬಂದಾಗ ಅಲ್ಲೇ ಕೂತಿದ್ದರು. ಹೂವನ್ನೇ ನೋಡುತ್ತಿದ್ದರು. "ಇಷ್ಟೊಂದು ಹೂವು ಬಾಗಿಲಲ್ಲಿ ಇಟ್ಟಿದ್ದಾರೆ, ಮೇಲೆ ಆ ತಾಯಿಗೆ ಒಂದು ಮೊಳ ಇಲ್ವಲ್ಲೋ" ಅಂದರು.